ನೀರ ಮೇಲಿನ ಕಾಣದ ವಿಷ

ನಮ್ಮೂರ ಕೆರೆಯಲ್ಲಿ ಎಂಜಿನ್ ದೋಣಿ ಇಲ್ಲ. ಹಾಗಿದ್ದರೂ ಇವಳು ದೋಣಿ ಬಗ್ಗೆ ಯಾಕೆ ಬರೆದಳು ಅಂತ ನೀವು ಕೇಳಬಹುದು. ಕೊನೆವರೆಗೂ ಓದಿ, ತಿಳಿಯುತ್ತದೆ.

ನಮ್ಮ ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಒಂದು ಸಂಗತಿ ಹೇಳಿದರು. ಅಮೆರಿಕದ ಕೊಲೊರಾಡೊ ನದಿಗೆ ಅಣೆಕಟ್ಟು ಕಟ್ಟಿದ್ದರಿಂದ ಲೇಕ್ ಪೊವೆಲ್ ಎಂಬ ದೊಡ್ಡ ಜಲಾಶಯ ಆಗಿದೆ. ರಜೆ ಬಂದರೆ ಜನ ಅಲ್ಲಿ ದೋಣಿಮನೆಗಳಲ್ಲಿ ಉಳಿದುಕೊಳ್ಳುತ್ತಾರೆ. ಅಡಿಗೆಮನೆ, ಮಲಗುವ ಕೋಣೆ ಎಲ್ಲಾ ದೋಣಿಯಲ್ಲೇ. ಕರೆಂಟಿಗೆ ಜನರೇಟರ್ ಇರುತ್ತದೆ. 2000ನೇ ಇಸವಿಯ ಆಗಸ್ಟ್ ತಿಂಗಳಲ್ಲಿ 11 ಮತ್ತು 8 ವರ್ಷದ ಅಣ್ಣತಮ್ಮಂದಿರು ಈಜುತ್ತಾ ದೋಣಿಯ ಹಿಂಬದಿಯ ಹಲಗೆ ಕೆಳಗೆ ಹೋದರು. ಅಲ್ಲೇ ಜ್ಞಾನ ತಪ್ಪಿ, ನೀರಲ್ಲಿ ಮುಳುಗಿ ತೀರಿಕೊಂಡರು. ಜನರೇಟರಿನ ಹೊಗೆ ಆ ಹಲಗೆಯ ಕೆಳಗಿನ ಸಂದಿಗೇ ಬಂದು ತುಂಬಿಕೊಂಡಿತ್ತು.

ಆ ಹೊಗೆಯಲ್ಲಿದ್ದ ವಿಷದ ಹೆಸರು ಕಾರ್ಬನ್ ಮಾನಾಕ್ಸೈಡ್. ಪೆಟ್ರೋಲು, ಡೀಸೆಲ್ಲು, ಸೌದೆ, ಇದ್ದಿಲು, ಯಾವುದೇ ಆಗಲಿ, ಪೂರ್ತಿ ಉರಿಯದಿದ್ದರೆ ಈ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಆಮ್ಲಜನಕಕ್ಕೆ ಜಾಗವೇ ಇರಲ್ಲ. ಬಸ್ಸಿನ ಸೀಟೆಲ್ಲ ಬೇರೆಯವರು ಹಿಡಿದ ಹಾಗೆ.

ಸುತ್ತ ನೀರು, ಮೇಲೆ ಆಕಾಶ, ಗಾಳಿಗೇನು ಬರ ಅಂತ ನಾನೂ ಕೇಳಿದೆ. ಮೇಷ್ಟ್ರು ಹೇಳಿದರು: ದೋಣಿ ಮುಂದಕ್ಕೆ ಹೋಗುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆ ಆಗುತ್ತದೆ. ಹಿಂದಕ್ಕೆ ಬಿಟ್ಟ ಹೊಗೆ ಸುತ್ತಿಕೊಂಡು ದೋಣಿಯೊಳಗೇ ಬರುತ್ತದೆ. ಎಂಜಿನ್ ಓಡುತ್ತಾ ದೋಣಿ ನಿಂತಿದ್ದರೂ ಹೊಗೆ ಅಲ್ಲೇ ಕೂಡುತ್ತದೆ. ಪಕ್ಕದ ದೋಣಿಯ ಹೊಗೆಯೂ ನಮ್ಮೊಳಗೆ ಬರಬಹುದು.

ತಡೆಯುವ ದಾರಿಗಳು:

1. ಎಂಜಿನ್ ಅಥವಾ ಜನರೇಟರ್ ಓಡುವಾಗ ದೋಣಿಯ ಹಿಂದೆ ಈಜಬಾರದು, ಹಿಂಬದಿಯ ಹಲಗೆ ಮೇಲೆ ಕೂರಲೂಬಾರದು.
2. ದೋಣಿ ಹೋಗುವಾಗ ಮುಂದಿನ ಕಿಟಕಿ ತೆರೆದಿಟ್ಟು ಗಾಳಿ ಆಡುವಂತೆ ಮಾಡಬೇಕು.
3. ಹೊಗೆ ಕೊಳವೆ ಎಲ್ಲಾದರೂ ತೂತು ಬಿದ್ದಿದೆಯೇ, ಸಡಿಲ ಆಗಿದೆಯೇ ಅಂತ ಆಗಾಗ ನೋಡಬೇಕು.
4. ಮಲಗುವ ಕೋಣೆಯಲ್ಲಿ ಈ ಅನಿಲ ಬಂದರೆ ಕೂಗುವ ಅಲಾರಂ ಇಡಬೇಕು. ನಮ್ಮ ಮೂಗು ಆ ಕೆಲಸ ಮಾಡಲಾರದು.
5. ಜನರೇಟರಿನ ಹೊಗೆ ಕೊಳವೆಯನ್ನು ದೋಣಿಯ ಮಾಡಿಗಿಂತ ಮೇಲಕ್ಕೆ ಎತ್ತರಿಸಬೇಕು. ಹೀಗೆ ಮಾಡಿ ನೋಡಿದಾಗ ಜನ ಇರುವ ಕಡೆ ವಿಷ ಬಹಳ ಕಡಿಮೆಯಾಯಿತಂತೆ. ನಮ್ಮ ಒಲೆಗೆ ಹೊಗೆಗೂಡು ಇಟ್ಟ ಹಾಗೆ!

ಇದರ ಲಕ್ಷಣ ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ. ದೋಣಿಯಲ್ಲಿ ಕೂತವರು ನೀರಿನ ಓಲಾಟಕ್ಕೆ ಹೀಗಾಯಿತು ಅಂತ ಸುಮ್ಮನೆ ಮಲಗಿಬಿಡುತ್ತಾರೆ. ಅದೇ ಅಪಾಯ. ಕೂಡಲೇ ಒಳ್ಳೆ ಗಾಳಿಗೆ ಕರೆತಂದು, ಎಂಜಿನ್ ನಿಲ್ಲಿಸಿ, ಆಸ್ಪತ್ರೆಗೆ ಸೇರಿಸಬೇಕು.

ಇದನ್ನು ಕೇಳುವಾಗ ನನಗೆ ಅಜ್ಜಿಯ ನೆನಪಾಯಿತು. ಹೋದ ಚಳಿಗಾಲದಲ್ಲಿ ಅಜ್ಜಿ ಬಾಗಿಲು, ಕಿಟಕಿ ಎಲ್ಲಾ ಮುಚ್ಚಿ, ಕೆಂಡದ ಅಗ್ಗಿಷ್ಟಿಕೆ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದರು. ಬೆಳಿಗ್ಗೆ ಎದ್ದರೆ ತಲೆನೋವು, ವಾಂತಿ. ಪಿತ್ತ ಆಗಿದೆ ಅಂತ ಎಲ್ಲರೂ ಅಂದೆವು. ಅಂಗಳಕ್ಕೆ ಬಂದು ಕೂತ ಮೇಲೆ ಸರಿಹೋದರು. ಈಗ ಯೋಚಿಸಿದರೆ ಎದೆ ಝಲ್ ಅನ್ನುತ್ತೆ.

ಅದಕ್ಕೇ ಗೆಳೆಯರೇ, ಕೆಂಡ ಇಟ್ಟ ಕೋಣೆಯಲ್ಲಿ ಬಾಗಿಲು ಮುಚ್ಚಿ ಮಲಗಬೇಡಿ. ಪಂಪಿನ ಎಂಜಿನ್ನನ್ನು ಬಾವಿಯೊಳಗೆ ಇಳಿಸಿ ಓಡಿಸಬೇಡಿ ಅಂತ ಅಪ್ಪನಿಗೆ ಹೇಳಿ. ಈ ವರ್ಷ ನಮ್ಮ ಅಗ್ಗಿಷ್ಟಿಕೆ ಅಂಗಳದಲ್ಲೇ ಇರುತ್ತದೆ. ಅಜ್ಜಿ ಬೈದರೂ ಸರಿ.