ಬ್ಯಾಟರಿಗೊಂದು ಕಾವಲು



ಸೋಲಾರ್ ದೀಪ ನೀವು ನೋಡಿದ್ದೀರಿ. ಮಾಡಿನ ಮೇಲೆ ಪ್ಯಾನಲ್ ಇರುತ್ತದೆ. ಮನೆಯೊಳಗೆ ಬ್ಯಾಟರಿ ಇರುತ್ತದೆ. ಇವುಗಳ ನಡುವೆ ಗೋಡೆಯ ಮೇಲೆ ಒಂದು ಚಿಕ್ಕ ಡಬ್ಬಿ ಇದೆಯಲ್ಲ? ಅದೇ ಚಾರ್ಜ್ ಕಂಟ್ರೋಲರ್. ಅದು ಬ್ಯಾಟರಿಯ ಕಾವಲು.

ಹಂಡೆಗೆ ನೀರು ಬಿಟ್ಟು ಮರೆತರೆ ಏನಾಗುತ್ತೆ? ತುಂಬಿ ಚೆಲ್ಲುತ್ತೆ. ಬ್ಯಾಟರಿಯೂ ಹಾಗೇ. ತುಂಬಿದ ಮೇಲೂ ಕರೆಂಟು ಹರಿದರೆ ಅದರೊಳಗಿನ ನೀರು ಆರುತ್ತದೆ. ಬೆಂಕಿ ಹತ್ತುವ ಅನಿಲ ಹೊರಗೆ ಬರುತ್ತದೆ. ಆದ್ದರಿಂದ 12 ವೋಲ್ಟಿನ ಬ್ಯಾಟರಿ ಸುಮಾರು 14.4 ವೋಲ್ಟಿಗೆ ಬಂದಾಗ ಕಂಟ್ರೋಲರ್ ಕರೆಂಟು ತಗ್ಗಿಸುತ್ತದೆ.

ಬ್ಯಾಟರಿ ಪೂರಾ ಬರಿದಾಗಲೂಬಾರದು. ಸುಮಾರು 11 ವೋಲ್ಟಿಗೆ ಇಳಿದಾಗ ಕಂಟ್ರೋಲರ್ ದೀಪ ಆರಿಸುತ್ತದೆ. ಆಗ ಕೆಲವರು ಬ್ಯಾಟರಿಗೇ ನೇರ ತಂತಿ ಸಿಕ್ಕಿಸಿ ಟಿ.ವಿ. ನೋಡುತ್ತಾರೆ. ಹೀಗೆ ಮಾಡಲೇಬೇಡಿ. ಬ್ಯಾಟರಿ ಬೇಗ ಹಾಳಾಗುತ್ತೆ. ಬೆಳಕು ಹೋಗುತ್ತೆ, ಸಾಲದ ಕಂತು ಮಾತ್ರ ಉಳಿಯುತ್ತೆ.

ಕೊಳ್ಳುವಾಗ ನಾಲ್ಕು ವಿಷಯ ಕೇಳಿ.

1. ವೋಲ್ಟ್ ಎಷ್ಟು? ಬ್ಯಾಟರಿ 12 ವೋಲ್ಟಿನದಾದರೆ ಕಂಟ್ರೋಲರ್ ಸಹ 12 ವೋಲ್ಟಿಗೆ ಆಗುವಂಥದ್ದೇ ಬೇಕು.

2. ಯಾವ ಬಗೆ? ಪ್ಯಾನಲ್ಲೂ ಬ್ಯಾಟರಿಯೂ 12 ವೋಲ್ಟಿನವಾದರೆ ಪಿ.ಡಬ್ಲ್ಯು.ಎಂ. ಎಂಬ ಸಾದಾ ಬಗೆ ಸಾಕು. ಇದರ ಬೆಲೆ ಕಡಿಮೆ. 24 ವೋಲ್ಟಿನ ದೊಡ್ಡ ಪ್ಯಾನಲ್ಲಿಂದ 12 ವೋಲ್ಟಿನ ಬ್ಯಾಟರಿ ತುಂಬಿಸಬೇಕಾದರೆ ಎಂ.ಪಿ.ಪಿ.ಟಿ. ಬಗೆ ಬೇಕು. ಇಲ್ಲದಿದ್ದರೆ ಸುಮಾರು ಅರ್ಧ ಶಕ್ತಿ ದಂಡ.

3. ಆಂಪಿಯರ್ ಎಷ್ಟು? ಪ್ಯಾನಲ್ ಹಿಂದೆ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಶಾರ್ಟ್ ಸರ್ಕ್ಯೂಟ್ ಕರೆಂಟ್ ಎಷ್ಟು ಅಂತ ಕೇಳಿ, ಅಂಕಿಯನ್ನು ನೀವೇ ಓದಿ. 4.8 ಆಂಪಿಯರ್ ಅಂತ ಇದೆ ಅನ್ನಿ. ಅದರ ಕಾಲುಭಾಗ 1.2. ಕೂಡಿಸಿದರೆ 6. ಸಾದಾ ಬಗೆಯ ಕಂಟ್ರೋಲರ್ 6 ಅಥವಾ ಹೆಚ್ಚಿನ ಆಂಪಿಯರಿನದಿರಲಿ. 5 ಸಾಲದು, 10 ಆದೀತು. ಎಂ.ಪಿ.ಪಿ.ಟಿ. ಲೆಕ್ಕ ಬೇರೆ. ಅದನ್ನು ಅಂಗಡಿಯವರಿಂದ ಬರೆಸಿಕೊಳ್ಳಿ.

4. ನಿಮ್ಮ ಬ್ಯಾಟರಿಗೆ ಒಗ್ಗುತ್ತದೆಯೇ? ನೀರು ಹಾಕುವ ಬ್ಯಾಟರಿ ಬೇರೆ, ಲಿಥಿಯಂ ಬ್ಯಾಟರಿ ಬೇರೆ. ಎರಡಕ್ಕೂ ತುಂಬಿಸುವ ಕ್ರಮ ಒಂದೇ ಅಲ್ಲ.

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್, ಕೊನೆಗೆ ದೀಪ. ಬಿಚ್ಚುವಾಗ ಮೊದಲು ದೀಪ, ಆಮೇಲೆ ಪ್ಯಾನಲ್, ಕೊನೆಗೆ ಬ್ಯಾಟರಿ. ಬ್ಯಾಟರಿಯನ್ನು ಒಲೆಯ ಹತ್ತಿರ ಇಡಬೇಡಿ. ಗಾಳಿ ಆಡುವ ಜಾಗದಲ್ಲಿಡಿ.

ಇದೆಲ್ಲ ಗಂಡಸರ ಕೆಲಸ ಅಂತ ಸುಮ್ಮನಿರಬೇಡಿ. ರಾಜಸ್ಥಾನದ ತಿಲೋನಿಯಾ ಎಂಬ ಹಳ್ಳಿಯಲ್ಲಿ ಓದು ಬಾರದ ಅಜ್ಜಿಯರೂ ಈ ಡಬ್ಬಿ ಜೋಡಿಸಲು, ರಿಪೇರಿ ಮಾಡಲು ಕಲಿತಿದ್ದಾರೆ. ನಿಮಗಂತೂ ಈಗ ಓದು ಬಂದಿದೆ, ಲೆಕ್ಕವೂ ಬಂದಿದೆ. ಚೀಟಿ ಓದಿ. ಲೆಕ್ಕ ಹಾಕಿ. ಆಮೇಲೆ ದುಡ್ಡು ಕೊಡಿ.