ಅಂದಿನ ಲೆಕ್ಕ ಅಂದೇ

1299ನೆಯ ಇಸವಿಯಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಹಣವಿನಿಮಯಗಾರರ ಸಂಘವು ತನ್ನ ಸದಸ್ಯರಿಗೆ ವಿಲಕ್ಷಣವಾದ ನಿಷೇಧವೊಂದನ್ನು ವಿಧಿಸಿತು: ಲೆಕ್ಕದ ಪುಸ್ತಕಗಳಲ್ಲಿ ಮೊತ್ತಗಳನ್ನು ಹೊಸ ಅಂಕಿಗಳಲ್ಲಿ ಬರೆಯಕೂಡದು, ಹಿಂದಿನಂತೆ ಅಕ್ಷರಗಳಲ್ಲಿಯೇ ಬರೆಯತಕ್ಕದ್ದು. ಆ ಹೊಸ ಅಂಕಿಗಳು ನಮ್ಮ ಭರತಖಂಡದಲ್ಲಿ ಹುಟ್ಟಿ, ಅರಬ್ಬೀ ಪಂಡಿತರ ಮೂಲಕ ಮೆಡಿಟರೇನಿಯನ್ ತೀರವನ್ನು ಸೇರಿದ್ದವು. ಸುಂಕದ ಕಟ್ಟೆಯ ಅಧಿಕಾರಿಯಾಗಿದ್ದ ತಂದೆಯೊಡನೆ ಉತ್ತರ ಆಫ್ರಿಕದ ಬುಗಿಯಾ ಬಂದರಿನಲ್ಲಿದ್ದಾಗ ಅವುಗಳನ್ನು ಕಲಿತ ಪೀಸಾ ನಗರದ ಲಿಯೊನಾರ್ಡೊ ಫಿಬೊನಾಚಿಯು, ಇವು ಭಾರತೀಯರ ಅಂಕಿಗಳೆಂದು ಹೇಳಿಯೇ, 1202ರ ತನ್ನ ಗ್ರಂಥದಲ್ಲಿ ಸ್ವದೇಶದ ವರ್ತಕರಿಗೆ ಪರಿಚಯ ಮಾಡಿಕೊಟ್ಟಿದ್ದನು. ಸೊನ್ನೆಗೊಂದು ಬಾಲವನ್ನೆಳೆದು ಆರನ್ನಾಗಿಯೋ ಒಂಬತ್ತನ್ನಾಗಿಯೋ ತಿದ್ದಿಬಿಡುವ ಮೋಸಕ್ಕೆ ಹೆದರಿ ಸಂಘವು ಹೀಗೆ ಮಾಡಿತೆಂದು ಇತಿಹಾಸಕಾರರು ಊಹಿಸುತ್ತಾರೆ. ಆ ನಿಷೇಧ ಬಹುಕಾಲ ನಿಲ್ಲಲಿಲ್ಲ. ಆದರೆ ಬರೆದ ಲೆಕ್ಕಕ್ಕೆ ಆ ಜನ ಎಷ್ಟು ಬೆಲೆ ಕೊಡುತ್ತಿದ್ದರೆಂಬುದಕ್ಕೆ ಅದು ಸಾಕ್ಷಿಯಾಗಿ ಉಳಿದಿದೆ. ಅಂಗಡಿಯ ಬಾಗಿಲು ಹಾಕುವ ಮುನ್ನ ಅಂದಿನ ಲೆಕ್ಕವನ್ನು ಅಂದೇ ಬರೆದಿಡುವ ಅಭ್ಯಾಸವು ಲೋಕದಲ್ಲಿ ಬೇರೂರಿದ ಕಥೆಯನ್ನು ಹೇಳಹೊರಟಾಗ ನನಗೆ ಮೊದಲು ನೆನಪಾಗುವುದು ಇದೇ.

ಗಣಿತವನ್ನು ವ್ಯಾಪಾರದ ಕೈಗೆ ಕೊಡುವುದರಲ್ಲಿ ಕನ್ನಡನಾಡು ಹಿಂದುಳಿದಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕ, ಪಾಲುದಾರಿಕೆಯ ಹಂಚಿಕೆ, ಚಿನ್ನದ ಬಣ್ಣದ (ಎಂದರೆ ಶುದ್ಧತೆಯ) ಲೆಕ್ಕ ಇವೆಲ್ಲ ವಿಸ್ತಾರವಾಗಿ ಬಂದಿವೆ, ಹೊಯ್ಸಳರ ಕಾಲದ ರಾಜಾದಿತ್ಯನು ಕನ್ನಡದಲ್ಲಿಯೇ ಬರೆದ ಗಣಿತಗ್ರಂಥಕ್ಕೆ ‘ವ್ಯವಹಾರಗಣಿತ’ವೆಂದೇ ಹೆಸರು. ಆದರೆ ಲೆಕ್ಕ ಮಾಡಲು ಬಲ್ಲವನು ಬೇರೆ, ದಿನದಿನವೂ ಲೆಕ್ಕ ಇಡುವವನು ಬೇರೆ. ಮೊದಲನೆಯದು ವಿದ್ಯೆ, ಎರಡನೆಯದು ನಡವಳಿಕೆ. ಆ ನಡವಳಿಕೆಯನ್ನು ಕಲಿಸಿದ್ದು ಯಾವ ಗುರುವೂ ಅಲ್ಲ, ದೂರ. ಸರಕು ಒಂದೂರಿನಲ್ಲಿ, ಪಾಲುದಾರ ಇನ್ನೊಂದೂರಿನಲ್ಲಿ, ಸಾಲಗಾರ ಸಮುದ್ರದಾಚೆಗೆ ಇರುವಾಗ ಬರೀ ನೆನಪನ್ನು ನಂಬಿ ವ್ಯಾಪಾರ ಮಾಡುವುದು ಯಾರಿಗೂ ಸಾಧ್ಯವಿರಲಿಲ್ಲ.

ಇದಕ್ಕೆ ಫ್ರಾನ್ಸೆಸ್ಕೊ ದಾತೀನಿಯ ಜೀವನಕ್ಕಿಂತ ಉತ್ತಮ ನಿದರ್ಶನ ನನಗೆ ತಿಳಿದಿಲ್ಲ. ಫ್ಲಾರೆನ್ಸಿಗೆ ಸಮೀಪದ ಪ್ರಾತೊ ಎಂಬ ಪುಟ್ಟ ಊರಿನಲ್ಲಿ 1335ರ ಸುಮಾರಿಗೆ ಹುಟ್ಟಿದ ಈತ, 1348ರ ಮಹಾಮಾರಿಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಹದಿನೈದರ ಹುಡುಗನಾಗಿರುವಾಗಲೇ, ಆಗ ಪೋಪರ ನಿವಾಸವಾಗಿದ್ದ ಫ್ರಾನ್ಸಿನ ಅವಿನ್ಯೋನ್ ನಗರಕ್ಕೆ ಹೋಗಿ, ಆಯುಧ ಕವಚಗಳ ವ್ಯಾಪಾರದಿಂದ ಮೇಲೆ ಬಂದನು. ಮೂವತ್ತು ವರ್ಷಗಳ ಮೇಲೆ ಧನಿಕನಾಗಿ ಊರಿಗೆ ಮರಳಿದ ತರುವಾಯ ಪೀಸಾ, ಜಿನೋವಾ, ಬಾರ್ಸಿಲೋನಾ, ವಲೆನ್ಸಿಯಾ ಮುಂತಾದೆಡೆಗಳಲ್ಲಿ ಆತನ ಕೊಠಿಗಳು ಎದ್ದವು. ಅಷ್ಟೂ ಕೊಠಿಗಳನ್ನು ಆತ ನಡೆಸಿದ್ದು ಲೇಖನಿಯಿಂದ. ಪ್ರತಿಯೊಂದು ಕೊಠಿಯಿಂದ ಕಾಗದ ಬರಬೇಕು, ಪ್ರತಿಯೊಂದಕ್ಕೂ ಉತ್ತರ ಹೋಗಬೇಕು, ಬಂದದ್ದನ್ನೂ ಹೋದದ್ದನ್ನೂ ಪುಸ್ತಕದಲ್ಲಿ ಕಾಣಿಸಬೇಕು. ರಾತ್ರಿ ಬಹಳ ಹೊತ್ತು ಬರೆಯುತ್ತ ಕುಳಿತು ನಿದ್ರೆಗೆಟ್ಟುದನ್ನು ಆತ ಹೆಂಡತಿ ಮಾರ್ಗರೀತಾಳಿಗೆ ಬರೆದ ಪತ್ರಗಳಲ್ಲಿಯೇ ತೋಡಿಕೊಂಡಿದ್ದಾನೆ. 1410ರಲ್ಲಿ ತನ್ನ ಆಸ್ತಿಯ ಬಹುಭಾಗವನ್ನು ಊರಿನ ಬಡವರ ಸಲುವಾಗಿ ಬಿಟ್ಟು ಆತ ತೀರಿಕೊಂಡನು. ಕಾಗದಪತ್ರಗಳನ್ನು ಕಾಪಾಡಬೇಕೆಂಬ ಆತನ ಶಿಸ್ತಿನ ಫಲವಾಗಿ ಅವು ಮಾತ್ರ ಮನೆಯಲ್ಲಿಯೇ ಉಳಿದವು. 1870ರಲ್ಲಿ ಆ ಮನೆಯ ಮೆಟ್ಟಿಲ ಕೆಳಗಿನ ಪೊಟರೆಯಲ್ಲಿ ಅವು ಬೆಳಕಿಗೆ ಬಂದಾಗ, ಸುಮಾರು ಒಂದೂವರೆ ಲಕ್ಷ ಪತ್ರಗಳೂ ಐದು ನೂರಕ್ಕೂ ಮಿಕ್ಕ ಲೆಕ್ಕದ ಪುಸ್ತಕಗಳೂ ದೊರೆತವು. ದೇವರ ಹೆಸರನ್ನೂ ಲಾಭದ ಹೆಸರನ್ನೂ ಒಟ್ಟಿಗೆ ಬರೆದು ಆರಂಭಿಸಿದ ಪುಸ್ತಕಗಳು ಅವುಗಳಲ್ಲಿವೆ. ನಮ್ಮ ಅಂಗಡಿಗಳಲ್ಲಿ ಪುಸ್ತಕದ ತಲೆಯಲ್ಲಿ ‘ಶ್ರೀ’ಕಾರದ ಕೆಳಗೆ ಶುಭ ಲಾಭಗಳೆಂದು ಬರೆಯುವುದನ್ನು ಕಂಡವರಿಗೆ ಇದು ಅಪರಿಚಿತವೆನ್ನಿಸದು.

ಬರೆಯುವ ಅಭ್ಯಾಸ ಬೆಳೆದಂತೆ ಬರವಣಿಗೆಯ ಕ್ರಮವೂ ಬೆಳೆಯಿತು. ಜಿನೋವಾ ನಗರದ ಆಡಳಿತದ 1340ರ ಲೆಕ್ಕದ ಪುಸ್ತಕದಲ್ಲಿ ಕರಿಮೆಣಸಿಗೇ ಒಂದು ಪ್ರತ್ಯೇಕ ಖಾತೆಯಿದೆ. ಆ ಕಾಲದಲ್ಲಿ ಯೂರೋಪಿಗೆ ಹೋಗುತ್ತಿದ್ದ ಮೆಣಸಿನ ಬಹುಪಾಲು ನಮ್ಮ ಪಶ್ಚಿಮ ಕರಾವಳಿಯದು. ಮೆಣಸನ್ನು ಕೊಂಡ ಬೆಲೆ ಮತ್ತು ಅದರ ಮೇಲಿನ ಖರ್ಚು ಒಂದು ಪಕ್ಕದಲ್ಲಿ, ಮಾರಿ ಬಂದುದು ಇನ್ನೊಂದು ಪಕ್ಕದಲ್ಲಿ. ಎರಡೂ ಸರಿಹೊಂದದೆ ಉಳಿದ ವ್ಯತ್ಯಾಸವು ನಷ್ಟ, ಆ ನಷ್ಟವು ಹೋಗಿ ಸೇರುವುದಕ್ಕೆ ಮತ್ತೊಂದು ಖಾತೆ. ಮೆಣಸಿಗೇ ಹೆಸರು ಕೊಟ್ಟು, ಅದು ಕೊಡುವ ತೆಗೆದುಕೊಳ್ಳುವ ಒಬ್ಬ ಆಸಾಮಿಯೆಂಬಂತೆ ಕಾಣುವ ಈ ಉಪಾಯದಲ್ಲಿ ವ್ಯಾಪಾರಚಿಂತನೆಯ ಇತಿಹಾಸದಲ್ಲಿಯೇ ಅತ್ಯಂತ ದೊಡ್ಡದಾದ ಹೆಜ್ಜೆಯಿದೆ ಎಂದು ನಾನು ಭಾವಿಸುತ್ತೇನೆ. ಏಕೆಂದರೆ ಇದೇ ಕ್ರಮವನ್ನು ಮುಂದುವರಿಸಿದರೆ ಯಜಮಾನನು ಹಾಕಿದ ಬಂಡವಾಳಕ್ಕೂ ಒಂದು ಖಾತೆ ತೆರೆಯಬೇಕಾಗುತ್ತದೆ. ಅಂಗಡಿಯು ತನ್ನ ಒಡೆಯನಿಗೇ ಋಣಿಯೆಂದು ಬರೆಯಬೇಕಾಗುತ್ತದೆ. ತಾನು ಬೇರೆ, ತನ್ನ ಅಂಗಡಿ ಬೇರೆ ಎಂಬ ತಿಳಿವಳಿಕೆ ವರ್ತಕನಿಗೆ ಬಂದುದು ವೇದಾಂತದಿಂದಲ್ಲ, ಹೀಗೆ ಪ್ರತಿಯೊಂದು ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಕಾಣಿಸುವ ಜೋಡಿ ನಮೂದಿನ ಪುಸ್ತಕದಿಂದ.

ಈ ಪದ್ಧತಿಯನ್ನು ಕುರಿತು ದುಬ್ರೋವ್ನಿಕ್ಕಿನ ವರ್ತಕ ಬೆನೆದೆತ್ತೊ ಕೊತ್ರುಲಿಯು 1458ರಲ್ಲಿಯೇ ಬರೆದಿದ್ದನು. ಆದರೆ ಆತನ ಕೃತಿ ಅಚ್ಚಾಗಲು ನೂರು ವರ್ಷಗಳಿಗೂ ಮೀರಿ ಹಿಡಿಯಿತು. ಕೀರ್ತಿ ಸಂದದ್ದು ಲೂಕಾ ಪಾಚೋಲಿ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಗೆ. ಯೌವನದಲ್ಲಿ ವೆನಿಸ್ಸಿನ ಒಬ್ಬ ವರ್ತಕನ ಮಕ್ಕಳಿಗೆ ಪಾಠ ಹೇಳುತ್ತಿದ್ದ, ಮುಂದೆ ಲಿಯೊನಾರ್ಡೊ ದ ವಿಂಚಿಯ ಸ್ನೇಹಿತನಾದ ಈತ, 1494ರಲ್ಲಿ ವೆನಿಸ್ಸಿನಲ್ಲಿ ಮುದ್ರಣವಾದ ತನ್ನ ಬೃಹದ್ಗಣಿತಗ್ರಂಥದೊಳಗೆ ಲೆಕ್ಕ ಇಡುವ ಬಗೆಯನ್ನು ವಿವರಿಸುವ ಭಾಗವೊಂದನ್ನು ಸೇರಿಸಿದನು. ಅವನ ಉಪದೇಶ ಸರಳವಾದುದು. ಮೊದಲು ಇರುವ ಸೊತ್ತೆಲ್ಲವನ್ನೂ ಒಂದೇ ದಿನದಲ್ಲಿ ಪಟ್ಟಿ ಮಾಡಬೇಕು. ಹಣ, ಒಡವೆಗಳಂತಹ, ಬೆಲೆಯುಳ್ಳವೂ ಕಳೆದುಹೋಗಲು ಸುಲಭವಾದವೂ ಆದ ವಸ್ತುಗಳಿಂದ ಆ ಪಟ್ಟಿ ಆರಂಭವಾಗಬೇಕು. ಆ ಮೇಲೆ ಮೂರು ಪುಸ್ತಕಗಳು. ನಡೆದದ್ದನ್ನು ನಡೆದ ಗಳಿಗೆಯಲ್ಲಿಯೇ, ಯಜಮಾನನಿಲ್ಲದಾಗ ಬರೆಯಬಲ್ಲ ಮನೆಯವರಾದರೂ, ಗೀಚಿಡುವ ಕಚ್ಚಾ ಪುಸ್ತಕ. ಅದನ್ನು ತಾರೀಖಿನ ಅನುಕ್ರಮದಲ್ಲಿ ಶುದ್ಧಪಡಿಸಿ ಬರೆಯುವ ಕಿರ್ದಿ. ಅಲ್ಲಿಂದ ಆಯಾ ಖಾತೆಗೆ ಹಂಚುವ ಖತಾವಣಿ. ಸದಾಶಯದ ಮಾತುಗಳನ್ನು ಹೇಳಿ ಸುಮ್ಮನಾಗದೆ, ಯಾವ ಗೆರೆಯನ್ನು ಎಲ್ಲಿ ಎಳೆಯಬೇಕೆಂಬವರೆಗೂ ಕೈಹಿಡಿದು ತೋರಿಸಿದ್ದರಿಂದಲೇ ಈ ಸಂನ್ಯಾಸಿಯ ಮಾತು ಐದು ಶತಮಾನಗಳನ್ನು ದಾಟಿ ಬಂದಿತು.

ಬರೆದದ್ದನ್ನು ಓದಿ ಯೋಚಿಸುವುದು ಮುಂದಿನ ಮಜಲು. ಇಂಗ್ಲೆಂಡಿನ ಪಿಂಗಾಣಿ ತಯಾರಕ ಜೊಸಾಯ ವೆಜ್‌ವುಡ್, 1772ರ ಆರ್ಥಿಕ ಮುಗ್ಗಟ್ಟಿನಲ್ಲಿ ಗಿರಾಕಿಗಳು ಕಡಿಮೆಯಾದಾಗ, ಒಂದೊಂದು ಹೂದಾನಿಗೂ ಮಣ್ಣಿನಿಂದ ಮಾರಾಟದವರೆಗೆ ತಗಲುವ ವೆಚ್ಚವೇನೆಂದು ಬಿಡಿಬಿಡಿಯಾಗಿ ಲೆಕ್ಕ ಹಾಕಲು ಕುಳಿತನು. ಗುಮಾಸ್ತನೊಬ್ಬನು ಹಣ ನುಂಗುತ್ತಿದ್ದುದು ಆಗ ಹೊರಬಿದ್ದಿತು. ಅದಕ್ಕಿಂತ ಮಹತ್ತ್ವದ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಅಚ್ಚು, ಬಾಡಿಗೆ, ಕಾರಕೂನರ ಸಂಬಳ ಮುಂತಾದುವು ಹೆಚ್ಚು ಮಾಡಿದರೂ ಕಡಿಮೆ ಮಾಡಿದರೂ ಅಷ್ಟೇ ಆಗುವುದರಿಂದ, ಹೆಚ್ಚು ತಯಾರಿಸಿದಷ್ಟೂ ಒಂದೊಂದರ ವೆಚ್ಚ ತಗ್ಗುತ್ತದೆಂದು ಅವನಿಗೆ ಹೊಳೆಯಿತು. ಶ್ರೀಮಂತರಿಗೆ ಮೀಸಲಾಗಿದ್ದ ಸರಕನ್ನು ಬೆಲೆಯಿಳಿಸಿ ಮಧ್ಯಮವರ್ಗದವರಿಗೂ ಮುಟ್ಟಿಸುವ ಯೋಚನೆ ಅದರಿಂದ ಹುಟ್ಟಿತು.

ನಮ್ಮಲ್ಲಿ ಲೆಕ್ಕ ಬರೆದಿಡುವ ಪುಸ್ತಕದ ಕೆಲಸವನ್ನು ಕಡತವು ಮಾಡುತ್ತಿದ್ದಿತು. ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ಕೊನೆಗಳಿಗೂ ಹಲಗೆ ಕೂಡಿಸಿದರೆ ಕಡತ ಸಿದ್ಧ. ಅದರ ಕಪ್ಪು ಮೈಯ ಮೇಲೆ ಬಳಪದಿಂದ ಬರೆದ ಬಿಳಿಯ ಅಕ್ಷರಗಳು ನಿಚ್ಚಳವಾಗಿ ಕಾಣುತ್ತಿದ್ದವು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ಕುತೂಹಲದಿಂದ ವರ್ಣಿಸಿದ್ದಾನೆ. ಅಂಗಡಿಕಾರರು ಇದನ್ನು ಆಗಲೂ ಬಳಸುತ್ತಿದ್ದರು. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಾದುದು ಅದರ ಗುಣ. ಅದೇ ಗುಣದಿಂದ ನಮ್ಮ ಎಷ್ಟೋ ವರ್ತಕರ ಜೀವಮಾನದ ಲೆಕ್ಕ ಅಳಿಸಿಹೋಗಿರಬೇಕೆಂದು ನೆನೆದಾಗ ಮನಸ್ಸಿಗೆ ವ್ಯಥೆಯಾಗುತ್ತದೆ. ಶೃಂಗೇರಿ ಮಠದಂತಹ ಸಂಸ್ಥೆಗಳಲ್ಲಿ ಜೋಪಾನವಾಗಿ ಉಳಿದುಬಂದ ಕಡತಗಳು ಇತಿಹಾಸಕಾರರಿಗೆ ಒದಗಿಸಿದ ಸಾಮಗ್ರಿಯನ್ನು ನೋಡಿದರೆ, ಕಳೆದುಹೋದುದು ಎಷ್ಟೆಂದು ಅಂದಾಜು ಮಾಡಬಹುದು.

ಇಂದು ಮೊಬೈಲ್ ಫೋನು ಗಿರಾಕಿಯ ಹಣ ಜಮೆಯಾದುದನ್ನು ಕೂಗಿ ಹೇಳುತ್ತದೆ. ಬ್ಯಾಂಕು ತಿಂಗಳ ತಖ್ತೆಯನ್ನು ತಾನಾಗಿಯೇ ಕಳುಹಿಸುತ್ತದೆ. ಇವೆಲ್ಲ ಅನುಕೂಲಗಳೇ, ಸಂದೇಹವಿಲ್ಲ. ಆದರೆ ಬಂದ ಹಣದಲ್ಲಿ ಲಾಭವೆಷ್ಟು, ಮನೆಗೆ ಒಯ್ದುದೆಷ್ಟು, ಉದ್ರಿಯಾಗಿ ಹೋದ ಸರಕೆಷ್ಟು, ಅದರಲ್ಲಿ ಮರಳಿ ಬರಲಾರದ್ದೆಷ್ಟು ಎಂಬುದನ್ನು ಯಂತ್ರ ತಾನಾಗಿ ಹೇಳದು. ಅದನ್ನು ಕೇಳಿಕೊಳ್ಳುವ ಮನಸ್ಸು ವರ್ತಕನದೇ ಆಗಿರಬೇಕು, ಮತ್ತು ಆ ಮನಸ್ಸು ತನ್ನ ಕೈಯಾರೆ ಬರೆಯುವವನಿಗೆ ಬರುವಷ್ಟು ಬೇಗ ಬೇರೆಯವರಿಗೆ ಬರುವುದಿಲ್ಲ. ದೀಪಾವಳಿಯಲ್ಲಿ ಲಕ್ಷ್ಮೀಪೂಜೆಯ ದಿನ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮವಿಟ್ಟು ಪೂಜಿಸುವ ಸಂಪ್ರದಾಯ ನಮ್ಮಲ್ಲಿ ಇನ್ನೂ ಉಂಟು. ಸಣ್ಣ ಅಂಗಡಿಯನ್ನೋ ಗೃಹೋದ್ಯಮವನ್ನೋ ನಡೆಸುತ್ತಿರುವ ಓದುಗರಲ್ಲಿ ನನ್ನ ವಿನಂತಿಯಿಷ್ಟೆ: ಆ ಪುಸ್ತಕವನ್ನು ಪೂಜೆಯ ಮಾರನೆಯ ದಿನವೂ ತೆರೆಯಿರಿ, ಬಂದದ್ದು, ಹೋದದ್ದು, ಬರಬೇಕಾದದ್ದು, ಕೊಡಬೇಕಾದದ್ದು ಈ ನಾಲ್ಕನ್ನೂ ಬರೆದು, ಗಲ್ಲೆಯ ಶಿಲ್ಕಿನೊಡನೆ ತಾಳೆ ನೋಡಿದ ಮೇಲೆಯೇ ಅಂಗಡಿಯ ಬಾಗಿಲು ಹಾಕಿರಿ.