ಫಿಶ್ ಫೈಂಡರ್: ಪರದೆ ನೋಡಿ ಕೊಳ್ಳಬೇಡಿ

ಮುತ್ತಿನಕೊಪ್ಪದಿಂದ ಎನ್.ಆರ್. ಪುರದ ಕಡೆಗೆ ಹೋದರೆ ಭದ್ರೆಯ ಹಿನ್ನೀರು ಸಿಗುತ್ತದೆ. ಲಕ್ಕವಳ್ಳಿಯ ಅಣೆಕಟ್ಟೆ 186 ಅಡಿ ತುಂಬಿತೆಂದರೆ ಮುಳುಗಡೆಯಾದ ಹಳೆಯ ಬಯಲುಗಳ ಮೇಲೆಲ್ಲ ನೀರು ಹರಡಿಕೊಳ್ಳುತ್ತದೆ. ಇಂಥ ನೀರಿನಲ್ಲಿ ಹವ್ಯಾಸಕ್ಕೆ ಗಾಳ ಹಾಕುವವರು ದೋಣಿಯ ಫಿಶ್ ಫೈಂಡರ್ ಬದಲಿಸಲು ಹೊರಟಾಗ ಅಂಗಡಿಯಲ್ಲಿ ಮೊದಲು ಕೇಳುವುದು ಪರದೆ ಎಷ್ಟು ಇಂಚು ಎಂದು. ಕೇಳಬೇಕಾದದ್ದು ನೀರೊಳಗಿರುವ ಟ್ರಾನ್ಸ್‌ಡ್ಯೂಸರ್ ಬಗ್ಗೆ.

ಈ ಯಂತ್ರ ಮೀನನ್ನು ನೋಡುವುದಿಲ್ಲ, ಕೇಳಿಸಿಕೊಳ್ಳುತ್ತದೆ. ಟ್ರಾನ್ಸ್‌ಡ್ಯೂಸರ್‌ನೊಳಗಿನ ಪಿಂಗಾಣಿಯಂಥ ಬಿಲ್ಲೆಗೆ ವಿದ್ಯುತ್ ಕೊಟ್ಟರೆ ಅದು ಅದುರಿ ಸದ್ದು ಹೊರಡಿಸುತ್ತದೆ. ಮರಳಿ ಬಂದ ಸದ್ದು ತಾಗಿದರೆ ಅದೇ ಬಿಲ್ಲೆ ವಿದ್ಯುತ್ ಹುಟ್ಟಿಸುತ್ತದೆ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. 15 ಮೀಟರ್ ಆಳದ ತಳ ಮುಟ್ಟಿ ಬರಲು ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಮೀನಿನ ಮೈಯ ಸಾಂದ್ರತೆ ಹೆಚ್ಚುಕಡಿಮೆ ನೀರಿನದೇ ಆದ್ದರಿಂದ ಮಾಂಸದಿಂದ ಹೆಚ್ಚು ಸದ್ದು ಮರಳದು. ಮರಳಿಸುವುದು ಹೊಟ್ಟೆಯೊಳಗಿನ ಗಾಳಿಚೀಲ. ಅದಿಲ್ಲದ ಸೀಗಡಿ ಪರದೆಯ ಮೇಲೆ ಮಸುಕು. 1948ರಲ್ಲಿ ಜಪಾನಿನ ನಾಗಸಾಕಿಯಲ್ಲಿ ಫುರುನೊ ಸಹೋದರರು ಆಳ ಅಳೆಯುವ ಯಂತ್ರವನ್ನು ಮೀನು ಹುಡುಕಲು ಒಗ್ಗಿಸಿದ್ದು ಇದೇ ತತ್ವದ ಮೇಲೆ.

ಇನ್ನು ಆವರ್ತನದ ಮಾತು. 50 ಕಿಲೋಹರ್ಟ್ಸ್‌ನ ಸದ್ದು ಬಹಳ ಆಳಕ್ಕಿಳಿಯುತ್ತದೆ, ಆದರೆ ಅದರ ಅಲೆ ಮೂರು ಸೆಂಟಿಮೀಟರ್ ಉದ್ದ. ಸಣ್ಣ ವಿವರ ಅದಕ್ಕೆ ಸಿಗದು. ಅದು ಕಡಲಿಗೆ ಸರಿ. ಹಿನ್ನೀರಿಗೆ 200 ಕಿಲೋಹರ್ಟ್ಸ್ ಬೇಕು, ಅಲೆ ಏಳು ಮಿಲಿಮೀಟರ್ ಚಿಲ್ಲರೆ. ಸಾವಿರ ಅಡಿ ತೋರಿಸುತ್ತದೆ ಎಂಬ ಜಾಹೀರಾತಿಗೆ ಇಲ್ಲಿ ಬೆಲೆಯೇ ಇಲ್ಲ. ‘ಚಿರ್ಪ್’ ಎಂಬ ಹೊಸ ಬಗೆ ಒಂದೇ ಆವರ್ತನದ ಬದಲು ಹಲವನ್ನು ಸಾಲಾಗಿ ಹಾಯಿಸುತ್ತದೆ; ಒತ್ತಾಗಿ ನಿಂತ ಎರಡು ಮೀನು ಒಂದೇ ಮಚ್ಚೆಯಾಗದೆ ಎರಡಾಗಿ ಕಾಣುವುದು ಇದರಿಂದ. ಆದರೆ ಹಳೆಯ ಟ್ರಾನ್ಸ್‌ಡ್ಯೂಸರ್ ಉಳಿಸಿಕೊಂಡು ಪರದೆ ಮಾತ್ರ ಬದಲಿಸಿದರೆ ಈ ಲಾಭ ಬಹುಪಾಲು ಕೈಬಿಡುತ್ತದೆ.

ಸದ್ದು ಲಾಳಿಕೆಯ ಆಕಾರದಲ್ಲಿ ಹರಡುತ್ತದೆ. 20 ಡಿಗ್ರಿ ಕೋನದ್ದಾದರೆ 30 ಅಡಿ ಆಳದಲ್ಲಿ ಕಾಣುವುದು ಹತ್ತಡಿ ಅಗಲ ಮಾತ್ರ. ಬದಿಯ ಮುಳುಗಿದ ಬೊಡ್ಡೆ, ಹಳೆಯ ಬದು ಬೇಕೆಂದರೆ ಸೈಡ್ ಸ್ಕ್ಯಾನ್ ಇರಬೇಕು.

ಜೋಡಿಸುವಾಗ ಟ್ರಾನ್ಸ್‌ಡ್ಯೂಸರನ್ನು ಮೋಟಾರಿನ ಗುಳ್ಳೆಗಳಿಂದ ದೂರವಿಡಿ. ಗಾಳಿಗುಳ್ಳೆ ಸದ್ದನ್ನು ತಡೆಯುತ್ತದೆ. ಫೈಬರ್ ದೋಣಿಯಾದರೆ ಒಳಗಿನಿಂದಲೂ ಅಂಟಿಸಬಹುದು, ಮರದ್ದಾದರೆ ಆಗದು. ಯಂತ್ರಕ್ಕೆ ಫ್ಯೂಸ್ ಸಮೇತ ಬೇರೆಯೇ 12 ವೋಲ್ಟ್ ಬ್ಯಾಟರಿ ಕೊಡಿ. ಮೋಟಾರಿನದಕ್ಕೇ ಸಿಕ್ಕಿಸಿದರೆ ಪರದೆ ತುಂಬ ಗೆರೆಗಳು ಬರಬಹುದು.

ಎಷ್ಟೇ ಖರ್ಚು ಮಾಡಿದರೂ ಈ ಯಂತ್ರ ಮೊಟ್ಟೆ ತುಂಬಿದ ಮೀನನ್ನು ಬೇರೆಯಾಗಿ ತೋರಿಸದು. ಮೊದಲ ಮಳೆಗೆ ಹತ್ತುಮೀನು ಮೊಟ್ಟೆಯಿಡಲು ಹಳ್ಳ ಏರುವ ದಿನಗಳಲ್ಲಿ ದಯವಿಟ್ಟು ದೋಣಿ ಇಳಿಸಬೇಡಿ.